ಆಕಾಶಣ್ಣ ಹಾಕಿದ ಮೂರು ಬ್ರೇಕು

ನೆಲದ ಮೇಲಿದ್ದಾಗ ಆಕಾಶಣ್ಣನಷ್ಟು ಅಂಜುಬುರುಕ ಇನ್ನೊಬ್ಬನಿರಲಿಲ್ಲ. ರಸ್ತೆ ದಾಟುವಾಗ ಹೆಂಡತಿಯ ತೋಳು ಹಿಡಿದುಕೊಳ್ಳುತ್ತಿದ್ದ. ಬೆಕ್ಕಿನ ಗಾತ್ರದ ನಾಯಿ ಎದುರಾದರೂ ಪಕ್ಕದ ಬೀದಿ ಹಿಡಿಯುತ್ತಿದ್ದ. ಪ್ರೆಷರ್ ಕುಕ್ಕರ್ ಕೂಗುವ ಹೊತ್ತಿಗೆ ಅಡುಗೆಮನೆಯಿಂದ ಎಷ್ಟು ದೂರವಿರಬಹುದೋ ಅಷ್ಟು ದೂರವಿರುತ್ತಿದ್ದ. ಆದರೆ ಟವರ್ ಕ್ರೇನಿನ ಏಣಿ ಹತ್ತಿ, ತುದಿಯ ಗಾಜಿನ ಕ್ಯಾಬಿನ್ನಿನೊಳಗೆ ಕುಳಿತನೆಂದರೆ ಬೇರೆಯೇ ಮನುಷ್ಯ. ಪಾದದ ಕೆಳಗೂ ಗಾಜು, ಗಾಜಿನ ಕೆಳಗೆ ಬರೀ ಗಾಳಿ, ಗಾಳಿಯ ತಳದಲ್ಲಿ ಇರುವೆಗಳಂತೆ ಹಳದಿ ಹೆಲ್ಮೆಟ್ಟುಗಳು. ಅಲ್ಲಿ ಕುಳಿತು ಶಿಳ್ಳೆ ಹೊಡೆಯುತ್ತ, ಲಾರಿಯಷ್ಟು ಭಾರದ ಕಬ್ಬಿಣದ ಸರಳುಗಳ ಕಟ್ಟನ್ನು ತೊಟ್ಟಿಲಿನಲ್ಲಿ ಕೂಸು ಮಲಗಿಸುವಂತೆ ಇಳಿಸುತ್ತಿದ್ದ. ಕಟ್ಟಡದ ಕೆಲಸದವರೆಲ್ಲ ಅವನನ್ನು ಆಕಾಶಣ್ಣ ಎಂದೇ ಕರೆಯುತ್ತಿದ್ದರು. ಕಡೆಗೆ ಹೆಂಡತಿಯೂ ಸಿಟ್ಟು ಬಂದಾಗ, "ಆಕಾಶಣ್ಣೋರೇ, ಸ್ವಲ್ಪ ಭೂಮಿಗೆ ಬನ್ನಿ" ಅನ್ನುವುದು ರೂಢಿಯಾಯಿತು.

ನೆಲದಲ್ಲಿ ನಿಂತು ಅವನಿಗೆ ವಾಕಿಟಾಕಿಯಲ್ಲಿ ದಾರಿ ಹೇಳುತ್ತಿದ್ದವನು ಅವನ ಭಾಮೈದ, ಹೆಂಡತಿಯ ಸ್ವಂತ ತಮ್ಮ. ಮೇಲಿನವನಿಗೆ ಕೆಳಗಿನ ಮೂಲೆಮುಡುಕು ಕಾಣುವುದಿಲ್ಲವಾದ್ದರಿಂದ ಕೆಳಗಿನವನು ಬಾಯಿ ಮುಚ್ಚದೆ ಮಾತಾಡುತ್ತಲೇ ಇರಬೇಕು. ಅವನ ದನಿ ನಿಂತ ಕ್ಷಣ ಕ್ರೇನೂ ನಿಲ್ಲಬೇಕು. ಈ ಕೆಲಸಕ್ಕೆ ಭಾಮೈದನಂಥ ಬಾಯಿಬಡುಕ ಸಿಕ್ಕಿದ್ದು ಕಂಪನಿಯ ಪುಣ್ಯ. ಅವನಿಗಿದ್ದ ಕೊರತೆ ಒಂದೇ: ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೂ ಕಣ್ಣು ಕತ್ತಲೆ ಬರುತ್ತಿತ್ತು.

ಕ್ರೇನಿನವರಿಗೆ ದೇವರಿಗಿಂತ ಹೆಚ್ಚಾಗಿ ಒಬ್ಬನ ಹೆದರಿಕೆ. ಅವನಿಗೆ ಅವರಿಟ್ಟ ಹೆಸರು 'ನೆಂಟ'. ಎತ್ತರದ ಭಯವೇ ಆ ನೆಂಟ. ಎಷ್ಟೋ ವರ್ಷ ಆರಾಮಾಗಿ ಹತ್ತಿಳಿದವನ ಬೆನ್ನ ಹಿಂದೆ ಒಂದು ದಿನ ಅವನೂ ಏಣಿ ಹತ್ತಿ ಬರುತ್ತಾನಂತೆ, ಕ್ಯಾಬಿನ್ನಿನಲ್ಲಿ ಪಕ್ಕಕ್ಕೆ ಕೂರುತ್ತಾನಂತೆ. ಒಮ್ಮೆ ಬಂದ ನೆಂಟ ಎದ್ದು ಹೋದದ್ದಿಲ್ಲ. ಇದಕ್ಕೆ ಜೀವಂತ ಸಾಕ್ಷಿ ಸಾಮಾನಿನ ಶೆಡ್ಡಿನಲ್ಲಿದ್ದ ಬೋಲ್ಟಜ್ಜ. ಒಂದು ಕಾಲದ ಮಹಾ ಕ್ರೇನಿಗ. ಈಗ ತಗಡಿನ ಸೂರಿನ ಕೆಳಗೆ ದೊಡ್ಡ ಬೋಲ್ಟು, ಚಿಕ್ಕ ಬೋಲ್ಟು ಬೇರ್ಪಡಿಸುವವನು. ಆಕಾಶಣ್ಣ ಶೆಡ್ಡಿನ ಮುಂದೆ ಹಾಯುವಾಗ ಮುಖ ಆಚೆ ತಿರುಗಿಸುತ್ತಿದ್ದ.

ಇಂಥ ವೀರನ ಮೇಲೆ ಮೊದಲ ಬಾಣ ಬಿದ್ದದ್ದು ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ. ಡಾಕ್ಟರಮ್ಮ ರಕ್ತದ ವರದಿ ನೋಡಿ ಕನ್ನಡಕ ತೆಗೆದರು.

"ಸಕ್ಕರೆ ಜಾಸ್ತಿ ಇದೆ. ಹೊಟ್ಟೇನೂ ಜಾಸ್ತಿ ಇದೆ. ಮುಂದಿನ ತಪಾಸಣೆ ಹೊತ್ತಿಗೆ ಇಳೀಲಿಲ್ಲ ಅಂದ್ರೆ ನಿಮ್ಮನ್ನ ಮೇಲೆ ಹತ್ತೋಕೆ ಬಿಡಲ್ಲ."

ಆಮೇಲೆ ಅವರು ಹೇಳಿದ್ದು ಇನ್ನೂ ಮುಖ್ಯವಾದ ಮಾತು: ಈ ಮಾತ್ರೆ ಶುರು ಮಾಡಿ, ದಿನಾ ಸ್ವಲ್ಪ ನಡೀರಿ, ಮಾತ್ರೆ ತಗೊಂಡ ಮೇಲೆ ಊಟ ಬಿಡಬೇಡಿ, ಊಟದಲ್ಲಿ ದೊಡ್ಡ ಬದಲಾವಣೆ ಮಾಡೋದಾದ್ರೆ ಮೊದಲು ಬಂದು ನನ್ನ ಕೇಳಿ. ಆದರೆ 'ಮೇಲೆ ಹತ್ತೋಕೆ ಬಿಡಲ್ಲ' ಎಂಬಲ್ಲಿಗೇ ಆಕಾಶಣ್ಣನ ಕಿವಿ ಬಾಗಿಲು ಹಾಕಿಕೊಂಡಿತ್ತು. ಅವನ ಮನಸ್ಸು ಆಗಲೇ ತಗಡಿನ ಶೆಡ್ಡಿನಲ್ಲಿ ಕುಳಿತು ಬೋಲ್ಟು ಆರಿಸುತ್ತಿತ್ತು.

ಮನೆಗೆ ಬಂದವನೇ ಯುದ್ಧಸಭೆ ಕರೆದ. ಹೆಂಡತಿ ಪರದೆ ಹೊಲಿಯುವ ಯಂತ್ರದ ಮುಂದೆ, ಭಾಮೈದ ಬ್ರೆಡ್ಡಿನ ತಟ್ಟೆಯ ಮುಂದೆ.

"ನೋಡೇ, ಕ್ರೇನಿಗೆ ಒಂದು ಬ್ರೇಕು ನಂಬ್ಕೊಂಡು ಯಾರೂ ಭಾರ ಎತ್ತಲ್ಲ. ಒಂದು ಕೈಕೊಟ್ರೆ ಇನ್ನೊಂದು, ಅದೂ ಕೈಕೊಟ್ರೆ ಮತ್ತೊಂದು. ಮೂರೂ ಬಿಗಿಯಾಗಿ ಹಿಡಿದಿದ್ರೆ ಕೊಕ್ಕೆ ಒಂದು ಕೂದಲಷ್ಟೂ ಜಾರಲ್ಲ. ಸಕ್ಕರೇಗೂ ಹಂಗೇ ಮಾಡೋದು. ಮಾತ್ರೆ ಒಂದು ಬ್ರೇಕು. ಅನ್ನ, ಬ್ರೆಡ್ಡು, ಆಲೂಗಡ್ಡೆ ಪೂರ್ತಿ ಬಂದ್, ಅದು ಎರಡನೇದು. ಕಸರತ್ತು ಮೂರನೇದು. ಮೂರೂ ಫುಲ್ಲು!"

"ಡಾಕ್ಟರು ಹಂಗೇ ಹೇಳಿದ್ರಾ?" ಎಂದಳು ಹೆಂಡತಿ.

"ಹೆಚ್ಚುಕಮ್ಮಿ," ಎಂದ ಆಕಾಶಣ್ಣ. ಕಮ್ಮಿಯೇ ಹೆಚ್ಚಾಗಿತ್ತು.

ಅಂದೇ ಅಡುಗೆಮನೆಯ ಕಪಾಟಿನಲ್ಲಿ ರಾಜ್ಯಕ್ರಾಂತಿ ನಡೆಯಿತು. ಅಕ್ಕಿ ಪದಚ್ಯುತವಾಯಿತು. ಸಕ್ಕರೆಯ ಡಬ್ಬ ಪಕ್ಕದ ಮನೆಗೆ ಗಡೀಪಾರಾಯಿತು. ಭಾಮೈದನ ತಟ್ಟೆಯಲ್ಲಿದ್ದ ಬ್ರೆಡ್ಡು ಕಚ್ಚಿದ ಗುರುತಿನ ಸಮೇತ ಸೆರೆಯಾಯಿತು. ಮೊಟ್ಟೆ, ಮೀನು, ಸೌತೆಕಾಯಿ, ಎಲೆಕೋಸುಗಳು ಗದ್ದುಗೆ ಏರಿದವು.

"ಅಕ್ಕಾ, ಸಕ್ಕರೆ ಇರೋದು ಭಾವನಿಗೆ. ನಾನೇನ್ ಪಾಪ ಮಾಡಿದೀನಿ?"

"ನೀನು ಎದುರಿಗೆ ಕೂತು ತಿಂತಿದ್ರೆ ಅವ್ರಿಗೆ ಆಸೆ ಆಗಲ್ವಾ? ಸುಮ್ನೆ ಎಲೆಕೋಸು ತಿನ್ನು."

"ಇದು ಊಟ ಅಲ್ಲ ಅಕ್ಕಾ, ಮೇವು," ಎಂದು ಗೊಣಗಿದ ಭಾಮೈದ ಮಾರನೆಯ ದಿನದಿಂದ ಪ್ಯಾಂಟಿನ ಜೇಬಿನಲ್ಲಿ ಟಾಫಿ ತುಂಬಿಕೊಂಡು ಓಡಾಡತೊಡಗಿದ.

ಮೂರನೆಯ ಬ್ರೇಕಿಗಾಗಿ ಆಕಾಶಣ್ಣ ಬೀದಿಯ ಕೊನೆಯ ನೆಲಮಾಳಿಗೆಯ ಜಿಮ್ಮಿಗೆ ಸೇರಿದ. ನಾಲ್ಕೂ ಗೋಡೆಗೆ ಕನ್ನಡಿ. ಒಂದೇ ಹೊಟ್ಟೆ ಎಲ್ಲ ದಿಕ್ಕಿನಿಂದಲೂ ದಂಡೆತ್ತಿ ಬರುತ್ತಿತ್ತು. ಬೆಳಗ್ಗೆ ಮಾತ್ರೆ ನುಂಗಿ, ಎರಡು ಮೊಟ್ಟೆ ತಿಂದು, ಅಲ್ಲಿ ಬೆವರಿಳಿಸಿ, ಅಲ್ಲಿಂದ ನೇರ ಕ್ರೇನಿಗೆ. ಕೈಕಾಲು ನಡುಗಿದರೆ ಜಿಮ್ಮಿನ ಮಾಸ್ತರನಿಗೆ ಖುಷಿಯೋ ಖುಷಿ.

"ನಡುಗ್ಲಿ ಸಾರ್, ನಡುಗ್ಲಿ! ಒಳಗೆ ಕೊಬ್ಬು ಗಂಟುಮೂಟೆ ಕಟ್ತಾ ಇದೆ!"

ಗಂಟುಮೂಟೆ ಕಟ್ಟಿದ್ದು ನಿಜವೇ. ವಾರಗಳು ಕಳೆದಂತೆ ಬೆಲ್ಟಿಗೆ ಹೊಸ ತೂತು ಬೇಕಾಯಿತು. ಏಣಿ ಹತ್ತುವಾಗ ಉಸಿರು ಹಗುರವಾಯಿತು. ಆಕಾಶಣ್ಣ ಮೇಲಿಂದ ಶಿಳ್ಳೆಗೆ ಬದಲು ಹಾಡನ್ನೇ ಹೇಳತೊಡಗಿದ್ದ.

ಹಾಗೆ ಹಾಡುತ್ತಿದ್ದ ಒಂದು ಬೆಳಗ್ಗೆಯೇ ನೆಂಟ ಬಂದ.

ಮೊದಲು ಅಂಗೈ ಬೆವರಿತು. ಕ್ರೇನು ನಡೆಸುವ ಲಿವರಿನ ಮೇಲಿದ್ದ ಬೆರಳು ತಾನಾಗಿ ಅಲುಗಿತು. ಎದೆ ಡವಗುಟ್ಟಿತು. ಗಾಜಿನ ಕೆಳಗಿನ ನೆಲ, ಇಷ್ಟು ವರ್ಷ ನೆಟ್ಟಗಿದ್ದದ್ದು, ಮೆಲ್ಲಗೆ ಓಲಿತು. ಅದೃಷ್ಟಕ್ಕೆ ಕೊಕ್ಕೆ ಖಾಲಿಯಿತ್ತು. ಕಣ್ಣು ಮುಚ್ಚಿ ಕುಳಿತ. ಊಟದ ಡಬ್ಬಿಯಲ್ಲಿದ್ದ ಕಡಲೆಬೀಜಗಳನ್ನೆಲ್ಲ ಮುಕ್ಕಿದ ಮೇಲೆ ನಡುಕ ನಿಧಾನಕ್ಕೆ ತಗ್ಗಿತು. ಆದರೆ ಅಂದಿನಿಂದ ಆಕಾಶಣ್ಣನ ಹಾಡೂ ನಿಂತಿತು, ಶಿಳ್ಳೆಯೂ ನಿಂತಿತು.

ಮುಖ ತಿರುಗಿಸುತ್ತಿದ್ದವನು ಅಂದು ಸಂಜೆ ತಾನಾಗಿ ಶೆಡ್ಡಿಗೆ ಹೋದ.

"ಅಜ್ಜಾ, ಸುಮ್ನೆ ಕೇಳ್ತೀನಿ. ನಿಂಗೆ ನೆಂಟ ಬಂದಾಗ ಹೆಂಗಾಗಿತ್ತು?"

ಬೋಲ್ಟಜ್ಜ ಕೈಯಲ್ಲಿದ್ದುದನ್ನು ಕೆಳಗಿಟ್ಟ. "ಬೆವರು ಬಂತು. ಕೈ ನಡುಗ್ತು. ಎದೆ ಬಾಯಿಗೆ ಬಂದಂಗಾಯ್ತು. ಇನ್ನೇನಿಲ್ಲಪ್ಪ." ಆಮೇಲೆ ಇವನ ಮುಖ ನೋಡಿ, ಪಕ್ಕದ ಡಬ್ಬವನ್ನು ಸರಿಸಿ, "ಕೂತ್ಕೋ, ಜಾಗ ಇದೆ," ಎಂದ.

ಆ ಮಾತಿನಷ್ಟು ಭಯಂಕರವಾದದ್ದನ್ನು ಆಕಾಶಣ್ಣ ಅದುವರೆಗೆ ಕೇಳಿರಲಿಲ್ಲ. ಓಡಿದವನು ಮನೆಯವರೆಗೂ ತಿರುಗಿ ನೋಡಲಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಕ್ಯಾಬಿನ್ನು ಹೋಯಿತು. ಭಯವನ್ನು ಬಡಿದೋಡಿಸಲು ಜಿಮ್ಮಿನಲ್ಲಿ ಇನ್ನಷ್ಟು ಭಾರ ಎತ್ತಿದ. ಬೆಳಗಿನ ಎರಡು ಮೊಟ್ಟೆ ಒಂದಾಯಿತು. ನೆಂಟನಿಗೆ ಈ ಆತಿಥ್ಯ ಬಹಳ ಹಿಡಿಸಿತು. ಮತ್ತೆ ಬಂದ, ಮತ್ತೆ ಮತ್ತೆ ಬಂದ. ಆಕಾಶಣ್ಣ ಏಣಿಯ ಬುಡದಲ್ಲಿ ಬೂಟಿನ ದಾರ ಬಿಚ್ಚಿ ಬಿಚ್ಚಿ ಕಟ್ಟುತ್ತ ಹೊತ್ತು ಕಳೆಯುತ್ತಿದ್ದ. ನಡುಕ ಬಂದೀತೆಂಬ ಭಯ ಯಾವುದು, ಭಯದಿಂದ ಬಂದ ನಡುಕ ಯಾವುದು ಎಂಬುದೇ ಗೊತ್ತಾಗದಂತಾಯಿತು.

"ರೀ, ಮುಖ ಯಾಕೆ ಇಷ್ಟು ಬಿಳಿಚಿಕೊಂಡಿದೆ?"

"ಸಣ್ಣಗಾಗಿದೀನಲ್ಲ, ಬಣ್ಣ ಬಂದಿದೆ."

"ಅದು ಬಣ್ಣ ಬಂದಿರೋದಲ್ಲ ರೀ, ಹೋಗಿರೋದು."

ಕಡೆಗೆ ಅದು ಆಗಬಾರದ ಹೊತ್ತಿನಲ್ಲೇ ಆಯಿತು. ಕೊಕ್ಕೆಯಲ್ಲಿ ಸರಳುಗಳ ದೊಡ್ಡ ಕಟ್ಟು ನೇತಾಡುತ್ತಿತ್ತು. ಕೆಳಗೆ, ಅರ್ಧ ಮುಗಿದ ಚಾವಣಿಯ ಮೇಲೆ, ಭಾಮೈದ ಮತ್ತು ಕಂಬಿ ಕಟ್ಟುವವರ ಗುಂಪು.

"ಎಡಕ್ಕೆ... ಎಡಕ್ಕೆ ಬನ್ನಿ ಭಾವ... ನಿಧಾನ... ಇನ್ನೂ ಸ್ವಲ್ಪ... ಇಳಿಸಿ..."

ಬೆವರು ಕಣ್ಣಿಗಿಳಿಯಿತು. ಬೆರಳುಗಳು ತನ್ನವಲ್ಲ ಅನ್ನಿಸಿತು. ಲಿವರು ತುಸು ಅಲುಗಿತು. ಅಷ್ಟಕ್ಕೇ ಕೆಳಗೆ ಕಟ್ಟು ಗಡಿಯಾರದ ಲೋಲಕದಂತೆ ತೂಗಿತು. ಅದರ ನೆರಳು ಭಾಮೈದನ ಹೆಲ್ಮೆಟ್ಟಿನ ಮೇಲೆ ಹಾದು ಹೋಗಿ, ಮತ್ತೆ ಹಾದು ಬಂತು.

ಸುಮ್ಮನಿದ್ದು ಹೇಗೋ ಇಳಿಸಿಬಿಟ್ಟರೆ ಕ್ಯಾಬಿನ್ನು ಉಳಿಯಬಹುದು. 'ಹೇಗೋ' ಎಂಬುದರ ಅಡಿಯಲ್ಲಿ ಭಾಮೈದ ನಿಂತಿದ್ದ.

ಆಕಾಶಣ್ಣ ಲಿವರಿನಿಂದ ಎರಡೂ ಕೈ ತೆಗೆದ. ಬ್ರೇಕುಗಳು ಕಟಕ್ಕನೆ ಕಚ್ಚಿಕೊಂಡವು. ವಾಕಿಟಾಕಿ ಒತ್ತಿದ. ಅದನ್ನು ಗಾರೆಯವನಿಂದ ಹಿಡಿದು ಗೇಟಿನವನವರೆಗೆ ಎಲ್ಲರೂ ಕೇಳುತ್ತಿದ್ದರು.

"ಎಲ್ರೂ ಕೆಳಗಿಂದ ದೂರ ಹೋಗ್ರಪ್ಪ. ನಂಗೆ ಭಯ ಆಗ್ತಿದೆ. ನೆಂಟ ಬಂದಿದಾನೆ."

ಅವನ ಇಡೀ ಆಯಸ್ಸಿನ ಪರಾಕ್ರಮವೆಲ್ಲ ಆ ಮೂರು ಮಾತಿನಲ್ಲಿ ಖರ್ಚಾಗಿಹೋಯಿತು. ಜನ ಚೆದುರಿದರು. ಇನ್ನೊಬ್ಬ ಕ್ರೇನಿನವನನ್ನು ಕರೆತರಲು ಯಾರೋ ಆಚೆಯ ಕಟ್ಟಡಕ್ಕೆ ಓಡಿದರು.

"ಭಾವ? ಭಾವ, ಮಾತಾಡಿ!"

 ಮೇಲೆ ಗಾಜಿನ ಹಿಂದೆ ತಲೆಯೊಂದು ವಾಲಿದ್ದು ಕಂಡಿತು. ಭಾಮೈದ ಏಣಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಸಂಜೆ ಅಕ್ಕನಿಗೆ ಏನು ಹೇಳಲಿ ಎಂದು ನೆನೆಸಿಕೊಂಡದ್ದೇ ಹಿಂದೆ ಸರಿದ ಕಾಲು ಏಣಿಗೆ ನೆಗೆಯಿತು. ಸ್ಟೂಲು ಹತ್ತದವನು ಕಣ್ಣು ಮುಚ್ಚಿಕೊಂಡು, ಇಡೀ ದಾರಿ "ಅಯ್ಯೋ ಅಕ್ಕಾ, ಅಯ್ಯೋ ಅಕ್ಕಾ" ಎಂದು ಜಪಿಸುತ್ತ, ಒಂದೊಂದು ಮೆಟ್ಟಿಲನ್ನೂ ತಬ್ಬಿಕೊಂಡು ಹತ್ತಿದ.

ಕ್ಯಾಬಿನ್ನಿನ ಬಾಗಿಲು ತೆಗೆದಾಗ ಒಳಗೊಬ್ಬ ನಡುಗುತ್ತಿದ್ದ, ಹೊರಗೊಬ್ಬ ನಡುಗುತ್ತಿದ್ದ. ಇಬ್ಬರ ಮುಖದಲ್ಲೂ ಒಂದೇ ಬೆವರು, ಒಂದೇ ಬಿಳುಪು.

"ನೀನ್ಯಾಕೋ ಬಂದೆ?" ಆಕಾಶಣ್ಣನ ನಾಲಿಗೆ ತೊದಲುತ್ತಿತ್ತು.

"ಗೊತ್ತಿಲ್ಲ ಭಾವ. ಮಾತಾಡಿಸ್ಬೇಡಿ, ಕೆಳಗೆ ಬೀಳ್ತೀನಿ." ಭಾಮೈದ ಕ್ಯಾಬಿನ್ನಿನೊಳಗೆ ತೆವಳಿ ಬಂದು, ಕಂಬಿ ತಬ್ಬಿ ಕುಳಿತು, ಎಲೆಕೋಸಿನ ದುಃಖಕ್ಕೆ ಮಾಡುತ್ತಿದ್ದುದನ್ನೇ ಈ ದುಃಖಕ್ಕೂ ಮಾಡಿದ: ಜೇಬಿನಿಂದ ಟಾಫಿ ತೆಗೆದ. ಒಬ್ಬನೇ ತಿನ್ನುವುದು ಚೆನ್ನಲ್ಲವೆಂದು ಭಾವನ ಕೈಗೂ ಇಟ್ಟ. ಸಾಯುವ ಹೊತ್ತಿನಲ್ಲಿ ಪಥ್ಯವೇನು ಎಂದು ಆಕಾಶಣ್ಣ ಅಗಿದ. ಇನ್ನೊಂದು ಕೇಳಿದ. ಮತ್ತೊಂದು. ಇಬ್ಬರೂ ಸೇರಿ ಜೇಬು ಖಾಲಿ ಮಾಡಿದರು.

ಸ್ವಲ್ಪ ಹೊತ್ತಿಗೆ ಆಕಾಶಣ್ಣನ ಕಣ್ಣಿನ ಮುಂದಿದ್ದ ಮಂಜು ಸರಿಯಿತು. ಎದೆ ತಣ್ಣಗಾಯಿತು. ಕೈ ಚಾಚಿ ನೋಡಿಕೊಂಡ: ಕಲ್ಲಿನಂತೆ ನಿಂತಿತ್ತು. ಭಾಮೈದನನ್ನು ನೋಡಿದ: ಅವನು ಎಲೆಯಂತೆ ಅದುರುತ್ತಲೇ ಇದ್ದ.

"ಲೋ, ನಿಂಗೆ ಯಾಕೋ ಹೋಗ್ಲಿಲ್ಲ?"

"ಏನು ಭಾವ?"

"ನಡುಕ. ನನ್ನಷ್ಟೇ ಟಾಫಿ ನೀನೂ ತಿಂದ್ಯಲ್ಲ?"

"ನಂದು ಭಯ ಭಾವ! ಟಾಫಿ ತಿಂದ್ರೆ ಹೋಗಕ್ಕೆ ನಂಗೇನು ಹಸಿವಾ?"

"ಹಂಗಾದ್ರೆ," ಎಂದ ಆಕಾಶಣ್ಣ ಬಹಳ ನಿಧಾನವಾಗಿ, "ನಂದೇನು?"

ಇನ್ನೊಬ್ಬ ಕ್ರೇನಿನವನು ಬಂದು ಕಟ್ಟನ್ನು ಸುರಕ್ಷಿತವಾಗಿ ಇಳಿಸಿದ. ಆಮೇಲೆ ಭಾಮೈದನನ್ನು ಇಳಿಸುವುದಕ್ಕೆ ಕಟ್ಟು ಇಳಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಡಾಕ್ಟರಮ್ಮ ಇಡೀ ಕಥೆ ಕೇಳಿ ಮೇಜು ಕುಟ್ಟಿದರು.

"ಮಾತ್ರೆ, ಪಥ್ಯ, ಕಸರತ್ತು, ಮೂರನ್ನೂ ಒಟ್ಟಿಗೆ ಹಾಕಿದ್ರಾ? ನಂಗೊಂದು ಮಾತು ಹೇಳದೆ? ಆ ಮಾತ್ರೆ ಸಕ್ಕರೆ ಇಳಿಸ್ತಾನೇ ಇರತ್ತೆ, ಇಳಿಸೋಕೆ ಒಳಗೆ ಏನೂ ಇಲ್ಲ ಅಂದ್ರೂ! ಸಕ್ಕರೆ ಪಾತಾಳಕ್ಕಿಳಿದಿದ್ದಕ್ಕೇ ಆ ಬೆವರು, ಆ ನಡುಕ!"

"ಮೇಡಂ, ಕ್ರೇನಲ್ಲಿ ಎಲ್ಲಾ ಬ್ರೇಕೂ ಹಾಕಿದ್ರೆ..."

"ನೀವು ಕ್ರೇನಲ್ಲ ರೀ! ಅದು ನಿಂತ್ರೆ ನಿಂತಿರತ್ತೆ. ನೀವು ನಿಂತ್ರೆ ಬೀಳ್ತೀರಿ."

ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕುಳಿತು ಡಾಕ್ಟರು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಅದು ಡಾಕ್ಟರ ಬೈಗುಳಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಹೊರಗೆ ಬಂದ ಮೇಲೆ, "ಹೆಚ್ಚುಕಮ್ಮಿ ಅಂದ್ರಲ್ಲ," ಎಂದಳು, ಅಷ್ಟೇ. ರಸ್ತೆ ದಾಟುವಾಗ ತಾನಾಗಿಯೇ ಅವನ ತೋಳು ಹಿಡಿದುಕೊಂಡಳು, ಬಹಳ ಬಿಗಿಯಾಗಿ.

ಮಾತ್ರೆ ನಿಂತಿತು. ಪಥ್ಯ ಮತ್ತು ಕಸರತ್ತು ಡಾಕ್ಟರ ಕಣ್ಣಳತೆಯಲ್ಲಿ ಉಳಿದವು. ಬೆಳಗಿನ ತಟ್ಟೆಗೆ ಒಂದು ತುಂಡು ಬ್ರೆಡ್ಡಿಗೆ ಕ್ಷಮಾದಾನ ಸಿಕ್ಕಿತು. ಬೆರಳು ಚುಚ್ಚಿ ಸಕ್ಕರೆ ನೋಡುವ ಪುಟ್ಟ ಯಂತ್ರವೊಂದು ಜೇಬು ಸೇರಿತು. ಎಲ್ಲ ಹದಕ್ಕೆ ಬರುವವರೆಗೆ ಏಣಿ ಮುಟ್ಟುವಂತಿರಲಿಲ್ಲ. ಅಷ್ಟು ದಿನ ಆಕಾಶಣ್ಣ ತಗಡಿನ ಶೆಡ್ಡಿನಲ್ಲೇ ಕುಳಿತ. ಬೋಲ್ಟಜ್ಜನಿಗೆ ಮಾತಿಗೊಬ್ಬ ಸಿಕ್ಕಿದ ಸಂತೋಷ. ಇವನಿಗೆ ಕಾಯಂ ಆದೀತೆಂಬ ಜೀವಭಯ.

ಡಾಕ್ಟರಮ್ಮ ಹೂಂ ಅಂದ ದಿನ ಅವನು ಏಣಿ ಹತ್ತಿದ. ಎದೆ ಹೊಡೆದುಕೊಳ್ಳುತ್ತಿತ್ತು. ಕ್ಯಾಬಿನ್ನಿನಲ್ಲಿ ಕುಳಿತು, ಗಾಜಿನ ಕೆಳಗೆ ನೋಡಿದ. ಕೈ ಸಣ್ಣಗೆ ನಡುಗಿತು. ತಕ್ಷಣ ಯಂತ್ರ ತೆಗೆದು ಬೆರಳು ಚುಚ್ಚಿಕೊಂಡ. ಅಂಕಿ ಮೂಡಿತು. ನೋಡಿದ, ಒರೆಸಿ ಮತ್ತೆ ನೋಡಿದ. ಅಷ್ಟು ಚೆಂದದ ಅಂಕಿ ಅದುವರೆಗೆ ಬಂದಿರಲಿಲ್ಲ.

ಕೈ ಮಾತ್ರ ನಡುಗುತ್ತಲೇ ಇತ್ತು.

"ಭಾವ, ಹೆಂಗಿದೀರಾ? ಸಕ್ಕರೆ ಎಷ್ಟು?" ಎಂದಿತು ವಾಕಿಟಾಕಿ.

"ಸಕ್ಕರೆ ಸರಿಯಾಗೇ ಇದೆ ಕಣೋ."

"ಮತ್ತೆ ದನಿ ಯಾಕೆ ಹಂಗಿದೆ?"

ಎಲ್ಲರೂ ಕೇಳುತ್ತಿದ್ದಾರೆಂದು ಗೊತ್ತಿತ್ತು. ಆಕಾಶಣ್ಣ ಗುಂಡಿ ಒತ್ತಿದ.

"ಇದು ಭಯ. ಅಪ್ಪಟ ಭಯ, ಕಲಬೆರಕೆ ಇಲ್ಲ. ಅವತ್ತು ನಿನ್ನ ತಲೆ ಮೇಲೆ ಕಟ್ಟು ತೂಗಿದ್ದು ಕಣ್ಣಿಗೆ ಕಟ್ಟಿದೆ."

ವಾಕಿಟಾಕಿ ಮತ್ತೆ ಗರಗರ ಅಂದಿತು.

"ನಾನು ಇವತ್ತು ದೂರ ನಿಂತಿದೀನಿ ಭಾವ. ಕಾಣ್ತಿದೀನಾ? ನೀರಿನ ಟ್ಯಾಂಕಿನ ಪಕ್ಕ, ಕೈ ಎತ್ತಿರೋನು. ಕೊಕ್ಕೇಲಿ ಎರಡೇ ಹಲಗೆ ಕಟ್ಸಿದೀನಿ. ಇಳಿದು ಬಿಡ್ತೀರಾ, ಎತ್ತಿ ನೋಡ್ತೀರಾ?"

ಆಕಾಶಣ್ಣ ಗಾಜಿನಾಚೆ ಹುಡುಕಿದ. ಕಂಡ.

"ನೀನು ಮಾತಾಡ್ತಾ ಇರು," ಎಂದು ಲಿವರು ಹಿಡಿದ. ಹಲಗೆಗಳು ಅಲ್ಲಾಡಿ, ಬಹಳ ಯೋಚಿಸಿ, ನೆಲ ಬಿಟ್ಟವು.