ದೊಡ್ಡಮ್ಮನ ಮುಟ್ಟು

ದೊಡ್ಡಮ್ಮನ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ನಲವತ್ತು ವರ್ಷ ಒಲೆಯ ಉರಿಗೂ ಇಡ್ಲಿಯ ಹಬೆಗೂ ಒಡ್ಡಿದ ಕೈ ಅದು. ಚರ್ಮ ತಾಮ್ರದ ಬಣ್ಣಕ್ಕೆ ತಿರುಗಿ ಮಿರಮಿರ ಮಿಂಚುತ್ತಿತ್ತು. ಎಡಗೈ ಮಾತ್ರ ಎಲ್ಲರ ಕೈಯಂತೆ ಇತ್ತು. ನಾನು ಚಿಕ್ಕವಳಿದ್ದಾಗ ಆ ಬಲಗೈ ಸವರಿ ನೋಡುತ್ತಿದ್ದೆ. "ಎಂತ ಕಾಣ್ತಿ? ಕೂದ್ಲೆಲ್ಲ ಸಾಂಬಾರಿಗೆ ಬಿತ್ತ್, ಗಿರಾಕಿಗಳು ಉಂಡ್ಕಂಡ್ ಹೋದ್ರ್" ಎನ್ನುತ್ತಿದ್ದರು.

ತ್ರಿಪ್ಲಿಕೇನಿನಲ್ಲಿ ಕೆಳಗೆ ನಮ್ಮ ಹೋಟೆಲು, ಮೇಲೆ ಮನೆ. ದೊಡ್ಡಪ್ಪ ಕುಂದಾಪುರದ ಕಡೆಯಿಂದ ಬಂದು ಕಟ್ಟಿದ ಹೋಟೆಲು. ದೊಡ್ಡಮ್ಮನ ತಂಗಿಯಾದ ನನ್ನ ಅಮ್ಮ ಅಜ್ಜಿಯನ್ನು ನೋಡಿಕೊಳ್ಳಲು ಊರಲ್ಲೇ ಉಳಿದಿದ್ದರಿಂದ ನಾನು ಓದಿದ್ದು, ಬೆಳೆದದ್ದು ದೊಡ್ಡಮ್ಮನ ಕೈಕೆಳಗೆ. ಅವರಿಗೆ ಮಕ್ಕಳಿರಲಿಲ್ಲ. ಮಕ್ಕಳಿಗಾಗಿ ಹರೆಯದಲ್ಲಿ ಕಂಡ ಡಾಕ್ಟರುಗಳ ಲೆಕ್ಕ ಇಟ್ಟವರಿಲ್ಲ. ಪರೀಕ್ಷೆಯ ಮೇಜಿನ ಮೇಲೆ ಕಾಲು ಮಡಚಿ ಮಲಗಿದ ದಿನಗಳನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆಸ್ಪತ್ರೆಯ ಲೈಸಾಲ್ ವಾಸನೆ ಮೂಗಿಗೆ ಬಿದ್ದರೆ ಸಾಕು, ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಳ್ಳುತ್ತಿದ್ದರು.

ಅಷ್ಟು ವರ್ಷ ಚೆನ್ನೈಯಲ್ಲಿದ್ದರೂ ತಮಿಳು ಕಲಿಯಲಿಲ್ಲ. ತರಕಾರಿಯ ಹೆಂಗಸು ತಮಿಳಿನಲ್ಲಿ ಜಗಳವಾಡಿದರೆ ಇವರು ಕುಂದಾಪುರದ ಕನ್ನಡದಲ್ಲಿ ಜಗಳವಾಡುತ್ತಿದ್ದರು. ಕೊನೆಗೆ ಒಂದು ಹಿಡಿ ಕೊತ್ತಂಬರಿ ಸೊಪ್ಪು ಹೆಚ್ಚಿಗೆ ಬರುತ್ತಿದ್ದದ್ದು ಇವರ ಬುಟ್ಟಿಗೇ. "ನನ್ನ ಪಾತ್ರೆಗಳಿಗೆ ತಮಿಳು ಬತ್ತಿಲ್ಲೆ, ನಂಗೆಂತಕ್ಕೆ?" ಎಂದು ವಾದ ಮುಗಿಸುತ್ತಿದ್ದರು.

ನಮ್ಮಲ್ಲೊಂದು ಪದ್ಧತಿ. ಬೆಳಿಗ್ಗೆ ಮನೆಯ ದೇವರಿಗೆ ನೈವೇದ್ಯವಾಗಿ, ಅದರಲ್ಲಿ ಒಂದು ಬಟ್ಟಲು ಕೆಳಗಿಳಿದು ಗಲ್ಲಾದ ಮೇಲಿನ ಪಟದ ಮುಂದೆ ಇಟ್ಟ ಮೇಲೆಯೇ ಮೊದಲ ಗಿರಾಕಿಗೆ ಎಲೆ. ಆ ನೈವೇದ್ಯ ಮಡಿಯಲ್ಲಿ ಆಗಬೇಕು. ಮೊದಲು ಅದು ದೊಡ್ಡಮ್ಮನ ಅತ್ತೆಯ ಕೆಲಸವಾಗಿತ್ತು, ಏಕೆಂದರೆ ದೊಡ್ಡಮ್ಮ ತಿಂಗಳಿಗೆ ಮೂರು ದಿನ ಹೊರಗೆ ಕೂರುವವರು. ಹಿಂದಿನ ಬಾಲ್ಕನಿಯಲ್ಲಿ, ನೀರಿನ ಡ್ರಮ್ಮಿನ ಪಕ್ಕ, ಬೇರೆ ತಟ್ಟೆ, ಬೇರೆ ಚಾಪೆ. ಹೋಟೆಲಿಗೆಲ್ಲ ಬಡಿಸುವ ಹೆಂಗಸಿಗೆ ಯಾರೋ ದೂರದಿಂದ ಅನ್ನ ಹಾಕಿ ಹೋಗುತ್ತಿದ್ದರು. ಅದನ್ನು ಅವರು ಕೊನೆಯವರೆಗೂ ಕ್ಷಮಿಸಲಿಲ್ಲ, ಹಾಗೆಂದು ಮೀರಲೂ ಇಲ್ಲ.

ಐವತ್ತರ ಹೊತ್ತಿಗೆ ಅವರ ಮುಟ್ಟು ನಿಂತಿತು. ಒಂದು ವರ್ಷ ಕಾದು ನೋಡಿ, ಒಂದು ಮಂಗಳವಾರ ಯಾವ ಹಬ್ಬವೂ ಇಲ್ಲದೆ ಹೋಳಿಗೆ ಮಾಡಿದರು. ಏನು ವಿಶೇಷ ಎಂದು ದೊಡ್ಡಪ್ಪ ಕೇಳಿದರೆ, "ಬೇಳೆ ಹಳತಾತಿತ್" ಎಂದರು. ನನಗೆ ಮಾತ್ರ ಕಣ್ಣು ಮಿಟುಕಿಸಿದರು. ಅತ್ತೆಗೆ ಆಗ ಕೈಲಾಗುತ್ತಿರಲಿಲ್ಲ; ಮರುದಿನದಿಂದ ದೇವರ ಕೋಣೆ ದೊಡ್ಡಮ್ಮನದಾಯಿತು. ಆಮೇಲಿನ ಎಂಟು ವರ್ಷ ಒಂದೇ ಒಂದು ಬೆಳಿಗ್ಗೆಯೂ ಅವರು ಅದನ್ನು ಬಿಟ್ಟುಕೊಟ್ಟವರಲ್ಲ. ಜ್ವರ ಬಂದರೆ ಜ್ವರದಲ್ಲೇ ತಣ್ಣೀರು ಸುರಿದುಕೊಂಡು ಒದ್ದೆ ಸೀರೆಯಲ್ಲಿ ಬರುತ್ತಿದ್ದರು. ನಲವತ್ತು ವರ್ಷ ಅಡುಗೆಮನೆಯಲ್ಲಿ ಅವರ ಮಾತು ನಡೆದಿತ್ತು, ಆದರೆ ಮನೆಯ ಯಜಮಾನಿ ಎಂಬ ಗತ್ತು ಅವರ ಮುಖದಲ್ಲಿ ನಾನು ಕಂಡದ್ದು ಆ ಎಂಟು ವರ್ಷಗಳಲ್ಲಿ.

ಆ ಹೊತ್ತಿಗೆ ನಾನು ಕ್ರೋಂಪೇಟೆಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಅಳತೆಯ ಉಪಕರಣಗಳು ನನ್ನ ವಿಷಯ. ಎಲ್ಲಿ ತಪ್ಪು ನುಸುಳುತ್ತದೆ, ಅದನ್ನು ಹೇಗೆ ಮೊದಲೇ ಹಿಡಿಯಬೇಕು ಎಂದು ಮಕ್ಕಳಿಗೆ ಕಲಿಸುತ್ತಿದ್ದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತು ಎನ್ನುವುದು ನನ್ನಂಥವರಿಗೇ.

ಒಂದು ಬೆಳಿಗ್ಗೆ ದೊಡ್ಡಮ್ಮ ಮಂಡಿನೋವೆಂದು ಹಾಸಿಗೆಯಿಂದ ಏಳಲಿಲ್ಲ. "ಮೂರು ದಿನ ನೀನೇ ನೈವೇದ್ಯ ಮಾಡ್" ಎಂದರು. ಮಂಡಿನೋವಿಗೆ ಹೀಗೆ ಸರಿಯಾಗಿ ಮೂರು ದಿನದ ಗಡುವು ಏಕೆ ಎಂದು ನನಗೆ ಅನುಮಾನವಾಯಿತು. ಬಾಗಿಲು ಹಾಕಿ ಕೇಳಿದೆ.

"ನಂಗೆ ಮತ್ತೆ ಮುಟ್ಟ್ ಬಂತ್ ಮಾರಾಯ್ತಿ" ಎಂದರು. ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. "ಈ ಪ್ರಾಯದಲ್ಲಿ! ಇನ್ನೊಂದ್ ಮದಿ ಮಾಡ್ಸು ನಂಗೆ, ಗಂಡ್ ಹುಡ್ಕು."

ನಾನೂ ನಕ್ಕೆ. ಅದನ್ನು ಬರೆಯದೆ ಮುಂದೆ ಹೋಗುವ ಹಾಗಿಲ್ಲ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಕ್ಕು ಮುಗಿದ ಮೇಲೆ, "ಡಾಕ್ಟರಿಗೆ ತೋರಿಸೋಣ ದೊಡ್ಡಮ್ಮ" ಎಂದೆ. ಅವರ ನಗು ಅಲ್ಲಿಗೇ ನಿಂತಿತು. "ಯಾರಿಗೂ ಹೇಳುಕಾಗ. ನಿನ್ನ ದೊಡ್ಡಪ್ಪಂಗಂತೂ ಹೇಳುಕೇ ಆಗ. ನನ್ನ ಆಣೆ ಇತ್ತ್" ಎಂದು ನನ್ನ ಕೈಯನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡರು.

ಆಮೇಲೆ ರಕ್ತಕ್ಕೆ ತಿಂಗಳ ಲೆಕ್ಕ ಉಳಿಯಲಿಲ್ಲ. ವಾರಕ್ಕೊಮ್ಮೆ ಒಂದೆರಡು ಕಲೆ, ಆಮೇಲೆ ಹತ್ತು ದಿನ ಏನೂ ಇಲ್ಲ, ಮತ್ತೆ ಕಲೆ. ವಾರವಾರ ಮಂಡಿ ನೋಯಿಸಿಕೊಳ್ಳಲು ಆಗುವುದಿಲ್ಲವಲ್ಲ. ದೊಡ್ಡಮ್ಮ ಆ ದಿನಗಳಲ್ಲೂ ಸ್ನಾನ ಮಾಡಿ ದೇವರ ಕೋಣೆಗೆ ಹೋದರು. ರಕ್ತ ಹೋಗುವುದಕ್ಕಿಂತ, ಹೋಗುತ್ತಿರುವಾಗ ದೇವರನ್ನು ಮುಟ್ಟಿದ್ದು ದೊಡ್ಡಪ್ಪನಿಗೆ ತಿಳಿದರೆ ಎಂಬುದು ಅವರ ಭಯ.

ನಾಲ್ಕು ತಿಂಗಳಲ್ಲಿ ಮುಖ ಬಿಳಿಚಿತು. ಮೆಟ್ಟಿಲು ಹತ್ತಿದರೆ ಏದುಸಿರು. ದೊಡ್ಡಪ್ಪನೇ ಹಟ ಹಿಡಿದು ಹೆಂಗಸರ ಡಾಕ್ಟರ ಬಳಿಗೆ ಹೊರಡಿಸಿದರು. ಆ ಡಾಕ್ಟರು ನಿಧಾನದ ಹೆಂಗಸು, ಒಳ್ಳೆಯ ಮಾತಿನವರು. ಅವರ ತಮಿಳನ್ನು ದೊಡ್ಡಮ್ಮನಿಗೂ ದೊಡ್ಡಮ್ಮನ ಕನ್ನಡವನ್ನು ಅವರಿಗೂ ತಲುಪಿಸಲು ನಾನು. ಪಕ್ಕದ ಕುರ್ಚಿಯಲ್ಲಿ ದೊಡ್ಡಪ್ಪ. ಹೆಂಡತಿಯನ್ನು ತೋರಿಸುವಾಗ ಗಂಡ ಹೊರಗೆ ಕೂರುವುದು ಅವರಿಗೆ ಮರ್ಯಾದೆಯಾಗಿ ಕಾಣುತ್ತಿರಲಿಲ್ಲ.

ಸಕ್ಕರೆ ಕಾಯಿಲೆ ಇದೆಯೇ, ಹೆರಿಗೆ ಆಗಿದೆಯೇ, ಮುಟ್ಟು ನಿಂತು ಎಷ್ಟು ವರ್ಷವಾಯಿತು ಎಂದೆಲ್ಲ ಡಾಕ್ಟರು ಕೇಳಿದರು. ಹೇಳಿದೆ. ಆಮೇಲೆ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿ ಕೇಳಿದರು, "ನಿನ್ನದುಕ್ಕು ಅಪ್ಪುರಂ ಬ್ಲೀಡಿಂಗ್ ಏದಾವದು? ಒರು ಸೊಟ್ಟು ಕೂಡ?" ನಿಂತ ಮೇಲೆ ರಕ್ತ ಏನಾದರೂ ಕಂಡಿದೆಯೇ, ಒಂದು ಹನಿಯಾದರೂ?

ಬ್ಲೀಡಿಂಗ್ ಎಂಬ ಮಾತಿಗೆ ಭಾಷಾಂತರ ಬೇಕಿರಲಿಲ್ಲ. ದೊಡ್ಡಮ್ಮ ಸೀರೆಯ ನೆರಿಗೆಯನ್ನು ಒತ್ತಿ ಹಿಡಿದು ನನ್ನನ್ನೇ ನೋಡಿದರು. ದೊಡ್ಡಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

"ಅಪ್ಪಡಿ ಎದುವುಮೇ ಇಲ್ಲ ಡಾಕ್ಟರ್" ಎಂದೆ. ಹಾಗೇನೂ ಇಲ್ಲ.

ಡಾಕ್ಟರು ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಮಾತ್ರೆ ಬರೆದರು. ಹೋಗುವಾಗ ಮೆಟ್ಟಿಲ ಮೇಲೆ ದೊಡ್ಡಮ್ಮ ನನ್ನ ಬೆನ್ನು ತಟ್ಟಿದರು. ಆ ತಟ್ಟಿದ ಜಾಗ ನನಗೆ ಈಗಲೂ ಗೊತ್ತಾಗುತ್ತದೆ. ರೈಲಿನಲ್ಲಿ ಸೀಟಿಗೆ ಒರಗಿದಾಗ, ಹಲಗೆಯ ಮೇಲೆ ಬರೆಯುತ್ತಿರುವಾಗ, ಬೆನ್ನಿಗೆ ಯಾರೋ ಅಂಗೈ ಇಟ್ಟ ಹಾಗಾಗಿ ತಿರುಗಿ ನೋಡುತ್ತೇನೆ.

ಮತ್ತೆ ಐದು ತಿಂಗಳಾದ ಮೇಲೆ ಅವರು ದೇವರ ಕೋಣೆಯಲ್ಲೇ ಬಿದ್ದರು. ರಕ್ತ ಮಣೆಯಿಂದ ಹೊಸಿಲವರೆಗೆ ಹರಿದಿತ್ತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅದೇ ಡಾಕ್ಟರು ಒಳಗಿನಿಂದ ಸ್ಕ್ಯಾನ್ ಮಾಡಿ ಪರದೆಯ ಮೇಲೆ ತೋರಿಸಿದರು: ಮುಟ್ಟು ನಿಂತವರಲ್ಲಿ ತೆಳುವಾಗಿರಬೇಕಾದ ಗರ್ಭಕೋಶದ ಒಳಪದರ ದಪ್ಪಗೆ ಊದಿತ್ತು. ಸ್ಟ್ರಾಗಿಂತಲೂ ಸಪೂರದ ನಳಿಗೆಯೊಂದನ್ನು ಒಳಗೆ ತೂರಿಸಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅರಿವಳಿಕೆಯೂ ಬೇಕಾಗಲಿಲ್ಲ, ಹತ್ತು ನಿಮಿಷವೂ ಹಿಡಿಯಲಿಲ್ಲ. ಆ ಹತ್ತು ನಿಮಿಷವನ್ನೇ ನಾನು ಒಂಬತ್ತು ತಿಂಗಳು ತಡ ಮಾಡಿದ್ದೆ.

ವರದಿ ಬಂದ ದಿನ ಡಾಕ್ಟರು ನನ್ನನ್ನು ಒಬ್ಬಳನ್ನೇ ಕರೆದರು. ಈ ಕ್ಯಾನ್ಸರು ಮೊದಲೇ ಕೂಗಿ ಹೇಳುವಂಥದ್ದು, ಮೊದಲ ಕಲೆಗೇ ಬಂದವರಲ್ಲಿ ಹೆಚ್ಚಿನವರನ್ನು ಗರ್ಭಕೋಶ ತೆಗೆದು ಮನೆಗೆ ಕಳಿಸಿಬಿಡುತ್ತೇವೆ, ಇವರಲ್ಲಿ ಆಚೆಗೆ ಹಬ್ಬಿದೆ ಎಂದರು. ಆಮೇಲೆ, "ಅವತ್ತು ಕೇಳಿದ್ದೆನಲ್ಲ, ನಿಮಗೆ ಗೊತ್ತಿರಲಿಲ್ಲವೇ?" ಎಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದರು.

ಗೊತ್ತಿರಲಿಲ್ಲ ಎಂದೆ. ಆಗ ಪಕ್ಕದಲ್ಲಿ ಯಾರೂ ಇರಲಿಲ್ಲ, ಯಾರ ಆಣೆಯೂ ಕಾಯಬೇಕಿರಲಿಲ್ಲ. ಮೊದಲ ಸುಳ್ಳು ದೊಡ್ಡಮ್ಮನಿಗಾಗಿ. ಇದು ಬರೀ ನನಗಾಗಿ.

ಆಪರೇಷನ್ ಆಯಿತು, ರೇಡಿಯೇಷನ್ ಆಯಿತು, ಡ್ರಿಪ್ಪಿನಲ್ಲಿ ಕೊಡುವ ಔಷಧಿಗೆ ತಲೆಕೂದಲೂ ಹೋಯಿತು. "ಈಗ ತಲೆಗೂ ಬಲಗೈಗೂ ಜೋಡಿ ಆಯ್ತ್" ಎಂದರು. ನರಳಿದ್ದು ಕಡಿಮೆ. ಆದರೆ ಇದು ದೇವರನ್ನು ಮುಟ್ಟಿದ್ದಕ್ಕೆ ಬಂದ ಶಿಕ್ಷೆ ಎಂಬ ನಂಬಿಕೆಯನ್ನು ಯಾವ ಔಷಧಿಯೂ ತೆಗೆಯಲಿಲ್ಲ. ನಾನು ಹಾಸಿಗೆಯ ಬಳಿ ಕುಳಿತು ವಾದ ಮಾಡುತ್ತಿದ್ದೆ. "ಅದು ಮುಟ್ಟೇ ಅಲ್ಲ ದೊಡ್ಡಮ್ಮ. ಕಾಯಿಲೆ. ಕೈ ಕೊಯ್ದುಕೊಂಡರೆ ರಕ್ತ ಬರೋದಿಲ್ವಾ, ಹಾಗೆ."

"ಕೈ ಕೊಯ್ಕಂಡ್ರೂ ದೇವ್ರ ಕೋಣೆಗ್ ಹೋಪುಕಿಲ್ಲೆ ಮಾರಾಯ್ತಿ" ಎಂದು ನನ್ನ ವಾದವನ್ನು ಅಲ್ಲೇ ಮಗುಚಿ ಹಾಕಿದರು. ನನ್ನನ್ನು ಒಮ್ಮೆಯೂ ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು. ವರದಿ ಬಂದ ಹದಿನಾಲ್ಕನೆಯ ತಿಂಗಳಲ್ಲಿ, ಕೆಳಗೆ ಮೊದಲ ಎಲೆ ಹಾಕುವ ಹೊತ್ತಿಗೆ, ಹೋಗಿಬಿಟ್ಟರು.

ಈಗ ಮದುವೆಮನೆಗಳಲ್ಲಿ ಐವತ್ತು ದಾಟಿದ ಹೆಂಗಸರ ಪಕ್ಕ ಕುಳಿತು, ಮುಟ್ಟು ನಿಂತ ಮೇಲೆ ಒಂದು ಕಲೆ ಕಂಡರೂ ಅದನ್ನು ಮುಟ್ಟೆಂದು ತಿಳಿಯಬೇಡಿ, ಡಾಕ್ಟರ ಬಳಿ ಹೋಗಿ ಎನ್ನುತ್ತೇನೆ. ಪಾಯಸದ ಹೊತ್ತಿಗೆ ಇದೆಂಥ ಮಾತು ಎಂದು ಎದ್ದು ಹೋದವರಿದ್ದಾರೆ. ಇಬ್ಬರು ಮಾತ್ರ ಆಮೇಲೆ ಫೋನು ಮಾಡಿದರು.

ಈ ವರ್ಷದ ತಿಥಿಯ ದಿನ ಊಟ ಮುಗಿಸಿ ನೆಂಟರು ಹೊರಡುವಾಗ ದೊಡ್ಡಪ್ಪ ಎಂದಿನಂತೆ, "ಅವ್ಳ್ ಯಾರಿಗೂ ಹೇಳ್ಲಿಲ್ಲೆ" ಎಂದರು. ಎಲ್ಲರೂ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಅವರ ಮುಂದೆ ನೆಲದ ಮೇಲೆ ಕುಳಿತು, "ನನಗೆ ಹೇಳಿದ್ರು ದೊಡ್ಡಪ್ಪ. ನನಗೆ ಮೊದಲ ದಿನದಿಂದ್ಲೂ ಗೊತ್ತಿತ್ತು" ಎಂದೆ.

ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದೇ ಕಾದೆ.

"ನಂಗೂ ಗೊತ್ತಿದ್ದಿತ್ತ್" ಎಂದರು. "ಬಚ್ಚಲಲ್ಲಿ ನೆನೆ ಹಾಕಿದ್ ಬಟ್ಟೆ ಕಂಡಿದ್ದೆ. ನಂಗ್ ಗೊತ್ತಾಯ್ತ್ ಅಂತ ಅವ್ಳಿಗ್ ತಿಳಿದ್ರೆ ದೇವ್ರ ಕೋಣೆ ಬಿಟ್ಟ್ ಕೊಡ್ತಿದ್ಲ್. ಅದೊಂದೇ ಅಲ್ದಾ ಅವ್ಳಿಗ್ ಸಂತೋಷ ಇದ್ದದ್ದ್? ಡಾಕ್ಟರಿಗೆ ಹೆಂಗಸ್ರೇ ಹೇಳ್ತ್ರ್ ಅಂದ್ಕಂಡಿದ್ದೆ. ನೀ ಇಲ್ಲ ಅಂದಾಗ, ಪಾಪ, ಈ ಹೆಣ್ಣಿಗೆ ಗೊತ್ತಿಲ್ಲೆ ಅಂದ್ಕಂಡ್ ಸುಮ್ನಾದೆ."

ಅವತ್ತು ಆ ಕೋಣೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಗೊತ್ತಿಲ್ಲದೆ ಇದ್ದದ್ದು ಡಾಕ್ಟರಿಗೆ ಮಾತ್ರ.