ಇಬ್ಬರು ಕಟ್ಟಿದ ಗಾಯ

ನನ್ನ ಸೋದರಮಾವ ಟೈಲರ್. ಬೀದಿಯವರ ಬಾಯಲ್ಲಿ ‘ಅಳತೆ ಮಾವ’. ಟೇಪು ಮುಟ್ಟದೆ, ಬಾಗಿಲಲ್ಲಿ ನಿಂತವರನ್ನು ಕಣ್ಣಲ್ಲೇ ಅಳೆದು, ಈ ಸಲ ಹೊಟ್ಟೆಗೆ ಸ್ವಲ್ಪ ಜಾಗ ಜಾಸ್ತಿ ಬಿಡೋಣ ಎನ್ನುವ ಆಸಾಮಿ. ಅವರದು ಕಾಲಲ್ಲಿ ತುಳಿಯುವ ಮಷಿನ್ನು. ಮೋಟರು ಹಾಕಿಸಿ ಎಂದರೆ, ಬಟ್ಟೆಯ ಮಾತು ಪಾದಕ್ಕೇ ಕೇಳಿಸುವುದು ಎಂಬ ಹಟ. ಆ ಬಲಗಾಲಿನ ಹಿಮ್ಮಡಿಯಲ್ಲೇ ಹುಣ್ಣಾಯಿತು. ಸಕ್ಕರೆ ಕಾಯಿಲೆಯ ಮೈ. ಕಾಲು ಹೋದರೆ ಮನುಷ್ಯನೇ ಹೋದಂತೆ ಎಂದು ನಮಗೆಲ್ಲ ಗೊತ್ತಿತ್ತು.

ಡ್ರೆಸ್ಸಿಂಗಿಗೆ ಆರೋಗ್ಯ ಕೇಂದ್ರದ ಸಿಸ್ಟರ್ ಮನೆಗೇ ಬರತೊಡಗಿದರು. ಅಷ್ಟರಲ್ಲಿ ಒಂದು ಸೇವಾಸಂಸ್ಥೆಯೂ ತನ್ನ ಸಿಸ್ಟರನ್ನು ಕಳಿಸಿತು. ಬರುತ್ತೇನೆಂದವರಿಗೆ ಬೇಡವೆನ್ನಲು ಅತ್ತೆಗೆ ಬಾಯಿ ಬರಲಿಲ್ಲ; ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಲೂ ಇಲ್ಲ. ನಮ್ಮತ್ತೆಗೆ ಬಾಗಿಲಿಗೆ ಬಂದ ಬೆಕ್ಕಿಗೂ ಬೇಜಾರಾಗಬಾರದು. ಮೊದಲನೆಯವರು ಕಟ್ಟಿದ ಪಟ್ಟಿಯನ್ನು ಕೆಲವು ದಿನ ಮುಟ್ಟಬಾರದು; ಎರಡನೆಯವರದು ಬೇರೆ ಮುಲಾಮು, ಬೇರೆ ಕಟ್ಟು. ಒಬ್ಬರ ಕಟ್ಟು ಇನ್ನೊಬ್ಬರ ಕಣ್ಣಿಗೆ ಬಿದ್ದರೆ ಅವರಿಗೆ ಅವಮಾನವಾದೀತೆಂದು, ಯಾರೇ ಬರುವ ದಿನವಾಗಲಿ, ಅತ್ತೆ ಮುಂಚೆಯೇ ಪಟ್ಟಿಯನ್ನು ಬಿಸಿನೀರಲ್ಲಿ ನೆನೆಸಿ ಕಿತ್ತು, ಗಾಯ ಒರೆಸಿಡುತ್ತಿದ್ದರು. ಪಟ್ಟಿಯ ಜೊತೆ ಆಗಷ್ಟೇ ಕೂಡುತ್ತಿದ್ದ ಮಾಂಸವೂ ಬರುತ್ತಿತ್ತು. ಬಟ್ಟೆಯ ಮಾತು ಕೇಳುತ್ತಿದ್ದ ಪಾದ ಅಷ್ಟರಲ್ಲಿ ಮರಗಟ್ಟಿತ್ತು. ನೋವಾಗಿದ್ದರೆ ಮಾವ ಬೈದಾದರೂ ನಿಲ್ಲಿಸುತ್ತಿದ್ದರು.

ಯಾಕೆ ಮಾಯುತ್ತಿಲ್ಲವೆಂದು ಇಬ್ಬರಿಗೂ ತಲೆಬಿಸಿ. ಯಾರಾದರೂ ಬಿಚ್ಚಿದಿರಾ ಎಂದರೆ, ತಾನಾಗಿಯೇ ಜಾರಿತು ಎಂದು ಅತ್ತೆಯ ಉತ್ತರ.

ಒಂದು ಸಲ ಮೊದಲನೆಯವರು ಬಸ್ಸು ತಪ್ಪಿ ಮರುದಿನ ಬಂದಾಗ ಇಬ್ಬರೂ ಬಾಗಿಲಲ್ಲೇ ಎದುರಾದರು. ಅತ್ತೆ ಗಳಗಳನೆ ಅತ್ತು ಎಲ್ಲ ಹೇಳಿಬಿಟ್ಟರು. “ಇಬ್ರಿಗೂ ಬೇಜಾರಾಗ್ಬಾರ್ದು ಅಂತ ಹೀಗೆ ಮಾಡ್ದೆ ಸಿಸ್ಟರ್.”

ನನಗೆ ಮೈಯೆಲ್ಲ ಉರಿಯಿತು. ಆದರೆ ಬೈಯುವುದು ಯಾರನ್ನು? ಸಿಸ್ಟರುಗಳು ಬಟ್ಟೆಯ ರಾಶಿ ಸರಿಸಿ ಬೆಂಚಿನ ಮೇಲೆ ಕೂತರು. ಮೊದಲು ಸಣ್ಣಗೆ ಜಟಾಪಟಿ, ಆಮೇಲೆ ತಂತಮ್ಮ ಡಾಕ್ಟರಿಗೆ ಫೋನು. ಕೊನೆಗೆ ಒಂದೇ ಔಷಧಿ, ಒಂದೇ ರೀತಿಯ ಕಟ್ಟು, ಸರದಿ ಪ್ರಕಾರ ಭೇಟಿ ಎಂದಾಯಿತು. ಕಟ್ಟಿದ ತಾರೀಖನ್ನು ಪಟ್ಟಿಯ ಮೇಲೇ ಪೆನ್ನಲ್ಲಿ ಬರೆಯತೊಡಗಿದರು. ಅತ್ತೆ ಮುಟ್ಟುವಂತಿಲ್ಲ.

ಗಾಯ ಕೆಂಪಗಾಗಿ ಅಂಚಿನಿಂದ ಕೂಡುತ್ತಾ ಬಂತು. ಮಾವ ಮಷಿನ್ನಿಗೆ ಎಣ್ಣೆ ಬಿಡಲು ಹೇಳಿದರು. ಆಮೇಲೆ ಜ್ವರ ಬಂತು. ಕೀವು ಆಗಲೇ ಮೂಳೆಗೆ ಇಳಿದಿತ್ತಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಈಗ ಆ ಮೋಟುಗಾಲಿಗೆ ಡ್ರೆಸ್ಸಿಂಗ್ ಮಾಡುವವರೂ ಅವರಿಬ್ಬರೇ. ಹೋದ ವಾರ ಇಬ್ಬರೂ ಕೂಡಿ ಬಂದು ಬಿಚ್ಚಿ ನೋಡಿ, ಒಂದು ಹನಿ ಕೀವಿಲ್ಲ, ಬೇಗ ಮಾಯುತ್ತಿದೆ ಎಂದು ಸಂತೋಷಪಟ್ಟರು. ಮಾವ ಬಗ್ಗಿ ಆ ಹೊಲಿಗೆಯನ್ನು ಈ ತುದಿಯಿಂದ ಆ ತುದಿಗೆ ಕಣ್ಣಲ್ಲೇ ಅಳೆದರು.

“ಒಳ್ಳೇ ಕೆಲ್ಸ,” ಎಂದರು. “ಕಾಲಿದ್ದಾಗ್ಲೇ ಹೀಗೆ ಒಟ್ಟಿಗೆ ಬರ್ಬಾರ್ದಿತ್ತಾ, ತಾಯಿ?”

ಸಿಸ್ಟರುಗಳು ಹೊಸ ಪಟ್ಟಿ ಸುತ್ತಿ, ಅದರ ಮೇಲೆ ತಾರೀಖು ಬರೆದರು. ಅತ್ತೆ ಬಿಸಿನೀರಿನ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಬಿಸಿನೀರು ತನ್ನಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.