ಪ್ರೂಫಕ್ಕನ ಹೊಸ ಕಂಪ್ಯೂಟರ್

ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷ ಕರಡು ತಿದ್ದಿದ ಆಕೆಯನ್ನು, ಕೆಲಸ ಬಿಟ್ಟು ಹನ್ನೊಂದು ವರ್ಷವಾದ ಮೇಲೂ ಎಲ್ಲರೂ ಪ್ರೂಫಕ್ಕ ಎಂದೇ ಕರೆಯುತ್ತಿದ್ದರು. ಆ ಕೆಲಸದಲ್ಲಿ ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಗಟ್ಟಿಯಾಗಿ ಓದುವ ಪಾಲು ಯಾವಾಗಲೂ ಪ್ರೂಫಕ್ಕನದೇ. ಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳಬೇಕಿತ್ತಾದ್ದರಿಂದ ಆ ಅಭ್ಯಾಸ ನಾಲಿಗೆಯ ತುದಿಯಲ್ಲಿ ಮನೆ ಮಾಡಿಕೊಂಡುಬಿಟ್ಟಿತ್ತು. ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡಿಕೊಡಲು ಒಪ್ಪಿ ಮೊದಲ ಸಲ ಮೈಕಿನ ಮುಂದೆ ಕೂತಾಗ, "ಅವನು ಬಾಗಿಲು ತೆರೆದ ಅಲ್ಪವಿರಾಮ ಒಳಗೆ ಯಾರೂ ಇರಲಿಲ್ಲ ಪೂರ್ಣವಿರಾಮ" ಎಂದು ಒಂದಿಡೀ ಅಧ್ಯಾಯವನ್ನು ಓದಿ ಮುಗಿಸಿದ್ದಳು.

ಅದನ್ನು ಕೇಳಿ ಮೊದಲು ಫೋನ್ ಮಾಡಿದವಳು ದೊಡ್ಡಾಸ್ಪತ್ರೆಯ ಟೆಲಿಫೋನ್ ಆಪರೇಟರ್. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣದು. ಆದರೆ ಬಾಯಿ ಎಂಥವರನ್ನೂ ನಗಿಸುವಂಥದ್ದು.

"ಅಕ್ಕ, ಕತೆ ಚೆನ್ನಾಗಿದೆ. ಆದ್ರೆ ಈ ಪೂರ್ಣವಿರಾಮ ಅನ್ನೋರು ಯಾರು? ಪ್ರತಿ ಮಾತಿಗೂ ಬಂದು ನಿಂತ್ಕೋತಾರಲ್ಲ."

ಪ್ರೂಫಕ್ಕ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಅಲ್ಲಿಂದ ಶುರುವಾದ ಸ್ನೇಹ ಅದು. ಆಪರೇಟರಿನ ಗುಂಪಿನಲ್ಲಿ ಸುಮಾರು ಮೂವತ್ತು ಜನ ಕೇಳುಗರಿದ್ದರು. ಪ್ರೂಫಕ್ಕ ಓದಿದ ಪುಸ್ತಕಗಳನ್ನು ಪೆನ್ ಡ್ರೈವಿಗೆ ಹಾಕಿಸಿಕೊಂಡು ಹೋಗಿ ಎಲ್ಲರಿಗೂ ಮುಟ್ಟಿಸುವುದು ಅವಳ ಜವಾಬ್ದಾರಿ. ಹನ್ನೊಂದು ವರ್ಷದಲ್ಲಿ ನೂರ ತೊಂಬತ್ತು ಪುಸ್ತಕಗಳಾದವು.

ಇದಕ್ಕೆಲ್ಲ ಸ್ಟುಡಿಯೋ ಎಂದರೆ ಒಂದು ಬಟ್ಟೆ ಅಲಮಾರಿ. ಪ್ರೂಫಕ್ಕನ ಗಂಡ ಬಡಗಿ. ಮನೆಯ ಹಳೆಯ ದೊಡ್ಡ ಅಲಮಾರಿಯ ಹಲಗೆಗಳನ್ನು ಕಿತ್ತು, ಒಳಗೆ ಸುತ್ತಲೂ ಹಳೆಯ ಕಂಬಳಿ ಬಡಿದು, ಒಂದು ಸ್ಟೂಲು ಹಾಕಿಕೊಟ್ಟಿದ್ದ. ಕಂಪ್ಯೂಟರ್ ಮುಂದಿನ ಕೋಣೆಯ ನೆಲದ ಮೇಲೆ. ಗೋಡೆಗೆ ತೂತು ಕೊರೆದು ಮೈಕಿನ ವೈರನ್ನು ಅಲಮಾರಿಯೊಳಗೆ ತಂದಿದ್ದ. ಮಧ್ಯಾಹ್ನ ಊಟವಾದ ಮೇಲೆ ಪ್ರೂಫಕ್ಕ ಪುಸ್ತಕ ಹಿಡಿದು ಅಲಮಾರಿ ಹೊಕ್ಕು ಬಾಗಿಲು ಹಾಕಿಕೊಂಡರೆ, ಅಧ್ಯಾಯ ಮುಗಿದ ಮೇಲೆ ಬೆವರಿನಲ್ಲಿ ತೊಯ್ದು ಹೊರಬರುತ್ತಿದ್ದಳು.

ಹೀಗಿರುವಾಗ ಒಂದು ಪತ್ತೇದಾರಿ ಕಾದಂಬರಿಯ ಕೊನೆಯ ಎರಡು ಅಧ್ಯಾಯ ಉಳಿದಿರುವಾಗಲೇ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. ಮತ್ತೆ ಎಷ್ಟು ಗುಂಡಿ ಒತ್ತಿದರೂ ಮಿಸುಕಲಿಲ್ಲ. ಕಾದಂಬರಿಯಲ್ಲಿ ಇನ್‌ಸ್ಪೆಕ್ಟರ್ ಎಲ್ಲರನ್ನೂ ಒಂದು ಹಜಾರದಲ್ಲಿ ಕೂರಿಸಿ, ಕೊಲೆಗಾರ ನಿಮ್ಮಲ್ಲೇ ಇದ್ದಾನೆ ಎಂದಷ್ಟೇ ಹೇಳಿದ್ದ. ಮರುದಿನದಿಂದ ಫೋನಿಗೆ ಪುರುಸೊತ್ತಿಲ್ಲ. ಮೂವತ್ತು ಜನರೂ ಸರದಿಯ ಮೇಲೆ ವಿಚಾರಿಸಿಕೊಂಡರು. ಒಬ್ಬರಂತೂ ಕೊಲೆಗಾರನ ಹೆಸರಷ್ಟಾದರೂ ಕಿವಿಯಲ್ಲಿ ಹೇಳಿ ಎಂದು ಗೋಗರೆದರು. ಪ್ರೂಫಕ್ಕ ಬಾಯಿ ಬಿಡಲಿಲ್ಲ.

ಕಂಪ್ಯೂಟರ್ ಅಂಗಡಿಯವನು ಬಂದು ಹಳೆಯ ಡಬ್ಬಿಯನ್ನು ಬಿಚ್ಚಿ ನೋಡಿದ. ಅವನ ಕನ್ನಡಕ ಯಾವಾಗಲೂ ಹಣೆಯ ಮೇಲೇ ಇರುತ್ತಿತ್ತು.

"ಯಂತ್ರದ ಕತೆ ಮುಗೀತಮ್ಮ. ಆದ್ರೆ ಹಾರ್ಡ್ ಡಿಸ್ಕ್ ಗಟ್ಟಿ ಇದೆ, ನೀವು ಓದಿರೋದೆಲ್ಲ ಕ್ಷೇಮ. ಅದ್ರಲ್ಲಿ ಇನ್ನು ಸೂಜಿಮೊನೆಯಷ್ಟೂ ಜಾಗ ಇಲ್ಲ ಅಷ್ಟೇ. ಹೊಸ ಕಂಪ್ಯೂಟರ್ ತಗೊಳ್ಳಿ. ದೊಡ್ಡ ಡಿಸ್ಕ್ ಒಳಗೇ ಹಾಕಿಸ್ಕೋತೀರೋ, ಹೊರಗಡೆಯಿಂದ ಚುಚ್ಚೋ ಎಕ್ಸ್‌ಟರ್ನಲ್ ತಗೋತೀರೋ, ಮನೇಲಿ ಮಾತಾಡ್ಕೊಂಡು ಬನ್ನಿ."

ಮನೆಯಲ್ಲಿ ಮಾತಾಡುವುದು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಬಡಗಿ ಒಳಗೇ ಇರಲಿ ಎಂದು ಪಟ್ಟು ಹಿಡಿದ. ಅವನು ಜೀವನಪೂರ್ತಿ ಗೋಡೆಯೊಳಗಿನ ಬೀರು, ಮೆಟ್ಟಿಲ ಕೆಳಗಿನ ಖಾನೆ, ಮಂಚದೊಳಗಿನ ಪೆಟ್ಟಿಗೆ ಮಾಡಿದವನು. ಸಾಮಾನು ಎಂದರೆ ಅದರ ಜಾಗದಲ್ಲಿ ಕಚ್ಚಿ ಕೂತಿರಬೇಕು. ಮೇಜಿನ ಮೇಲೆ ವೈರು ನೇತಾಡಿದರೆ ಅವನ ಕಣ್ಣಿಗೆ ಕಸ ಬಿದ್ದ ಹಾಗಾಗುತ್ತಿತ್ತು. ಹೊಸ ಯಂತ್ರ ಬರುವ ಮೊದಲೇ ಅದಕ್ಕೊಂದು ಮೇಜು ಮಾಡಲು ಶುರುಮಾಡಿದ್ದ. ಅಲಮಾರಿಗೆ ಬೆಸೆದುಕೊಂಡಂತೆ ಗಟ್ಟಿಮರದ ಮೇಜು, ಅದರ ಹೊಟ್ಟೆಯಲ್ಲೇ ಕಂಪ್ಯೂಟರಿನ ಡಬ್ಬಿಗೆ ಅಳತೆ ತೆಗೆದು ಮಾಡಿದ ಗೂಡು. ಅಲಮಾರಿಯೊಳಕ್ಕೆ ಚಾಚಿದ ಅದೇ ಹಲಗೆಯ ತುದಿಯಲ್ಲಿ ಮೈಕಿಗೆ ಒಂದು ಕಂಬ.

ಆಪರೇಟರ್ ಹೊರಗಿನದೇ ಬೇಕು ಎಂದಳು. "ಭಾವ, ಒಂದೊಂದೇ ಪುಸ್ತಕ ಪೆನ್ ಡ್ರೈವಲ್ಲಿ ಹೊತ್ಕೊಂಡು ಹೋಗಿ ನನ್ನ ಚಪ್ಪಲಿ ಸವೀತು. ಡಿಸ್ಕ್ ಹೊರಗಿದ್ರೆ ಇಡೀ ಭಂಡಾರನೇ ಒಂದು ಸಲ ಒಯ್ದು ಎಲ್ಲರಿಗೂ ಹಾಕಿಕೊಟ್ಟು ಬರ್ತೀನಿ. ನಾಳೆ ಈ ಯಂತ್ರನೂ ಕೆಟ್ಟರೆ ಮತ್ತೆ ಹೊಟ್ಟೆ ಬಗೆದು ತೆಗೀಬೇಕಲ್ಲ."

"ಮನೆಯಿಂದ ಹೊರಗೆ ಹೋದ ಸಾಮಾನು ಹೋದ ಹಾಗೇ ವಾಪಸ್ ಬಂದಿದ್ದು ನಾನು ನೋಡಿಲ್ಲಮ್ಮ," ಎಂದ ಬಡಗಿ. "ನನ್ನ ಡ್ರಿಲ್ ಯಂತ್ರ ಯಾರದೋ ಮನೇಲಿ ಇವತ್ತಿಗೂ ಸಂಸಾರ ಮಾಡ್ತಿದೆ."

ಪ್ರೂಫಕ್ಕ ಕೆಂಪು ಪೆನ್ಸಿಲ್ ಹಿಡಿದು ಇಬ್ಬರ ಮಾತನ್ನೂ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡಳು. ಎರಡೂ ಕಡೆ ತಪ್ಪು ಸಿಗಲಿಲ್ಲ. ಅದೇ ಅವಳ ಕಷ್ಟ.

ಕೊನೆಗೆ ಮೂವರೂ ಅಂಗಡಿಗೆ ಹೋದರು. ಅಂಗಡಿಯವನು ಎರಡನ್ನೂ ಗಾಜಿನ ಕಟ್ಟೆಯ ಮೇಲಿಟ್ಟ. ಆಪರೇಟರ್ ಎರಡನ್ನೂ ಕೈಯಲ್ಲಿ ತೂಗಿ ನೋಡಿದಳು. ಒಳಗಿನದು ಇಟ್ಟಿಗೆಯ ಹಾಗೆ ಭಾರ, ಮುಟ್ಟಿದರೆ ತಣ್ಣಗೆ. ಹೊರಗಿನದು ನುಣುಪು ಪ್ಲಾಸ್ಟಿಕ್ ಅಂಗಿ ತೊಟ್ಟು ಬಾಲದಂತೆ ವೈರು ಬಿಟ್ಟುಕೊಂಡಿತ್ತು.

"ಒಳಗಡೆದು ಬೀಳಲ್ಲ, ಕಳೆದುಹೋಗಲ್ಲ. ಅದೇ ದುಡ್ಡಿಗೆ ಜಾಗ ಜಾಸ್ತಿ," ಎಂದ ಅಂಗಡಿಯವನು. "ಹೊರಗಡೆದು ಎಲ್ಲಿಗೆ ಬೇಕಾದ್ರೂ ಬರುತ್ತೆ, ಯಾವ ಕಂಪ್ಯೂಟರಿಗೆ ಬೇಕಾದ್ರೂ ಹಾಕ್ಬಹುದು. ಆದ್ರೆ ಕೈಜಾರಿದ್ರೆ ದೇವರೇ ಗತಿ."

"ನನ್ನ ಕೈಯಿಂದ ಇವತ್ತಿನವರೆಗೂ ಏನೂ ಜಾರಿಲ್ಲ," ಎಂದಳು ಆಪರೇಟರ್.

"ಹೋದ ವಾರ ನಮ್ಮನೇಲಿ ಲೋಟ?"

"ಅದನ್ನ ಮೇಜಿನ ಅಂಚಲ್ಲಿ ಇಟ್ಟಿದ್ದು ನೀವು, ಭಾವ."

ಅಂಗಡಿಯವನು ಕೆಮ್ಮಿ ನಗು ಮುಚ್ಚಿಕೊಂಡ. ಪ್ರೂಫಕ್ಕ ಗಂಡನ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಇನ್ನೂ ಮೇಜಿನ ಪಾಲಿಶು ಉಳಿದಿತ್ತು. ಅವನು ಮೂರು ವಾರ ಕೂತು ಮಾಡಿದ ಮೇಜಿನ ಮೇಲೆ ವೈರು ನೇತಾಡಿಸಲು ಅವಳಿಗೆ ಮನಸ್ಸು ಬರಲಿಲ್ಲ. "ಒಳಗೇ ಹಾಕಿಬಿಡಿ," ಎಂದಳು. ಯಂತ್ರ ಬೇಗ ಏಳಲಿ ಎಂದು ಅಂಗಡಿಯವನು ಎಸ್‌ಎಸ್‌ಡಿ ಎನ್ನುವ ಸಣ್ಣ ವೇಗದ ಡಿಸ್ಕೊಂದನ್ನು ಹಾಕಿ, ಪುಸ್ತಕಗಳಿಗೆಂದು ಪಕ್ಕದಲ್ಲಿ ಆ ಇಟ್ಟಿಗೆಯಂಥ ಡಿಸ್ಕನ್ನೂ ಕೂರಿಸಿ, ಹಳೆಯದರಲ್ಲಿದ್ದ ನೂರ ತೊಂಬತ್ತು ಪುಸ್ತಕಗಳನ್ನು ಅದಕ್ಕೆ ಇಳಿಸಿಕೊಟ್ಟ. ಆಪರೇಟರ್ ಮುಖ ಸಣ್ಣದು ಮಾಡಲಿಲ್ಲ. ಎರಡು ಅಧ್ಯಾಯ ಬೇಗ ಓದಿ ಮುಗಿಸಿದರೆ ಸಾಕು ಎಂದಳು.

ಹೊಸ ಯಂತ್ರ ಗೂಡಿನಲ್ಲಿ ಕೂತ ಮಧ್ಯಾಹ್ನವೇ ಪ್ರೂಫಕ್ಕ ಅಲಮಾರಿ ಹೊಕ್ಕು ಎರಡೂ ಅಧ್ಯಾಯಗಳನ್ನು ಒಂದೇ ಉಸಿರಿಗೆ ಓದಿ ಮುಗಿಸಿದಳು. ಪೆನ್ ಡ್ರೈವಿಗೆ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲವಾಗಿ ಫೋನಿನಲ್ಲೇ ಕಳಿಸಿದಳು. ಒಂದು ಗಂಟೆಯ ಮೇಲೆ ಆಪರೇಟರಿನ ಕರೆ ಬಂತು.

"ಅಕ್ಕ, ಕೊಲೆಗಾರ ಯಾರು ಅಂತ ಗೊತ್ತಾಯ್ತು. ಆದ್ರೆ ಅವನ ಬೆನ್ನ ಹಿಂದೆ ಕೂತು ಯಾರೋ ಹಿಟ್ಟು ಬೀಸ್ತಿದಾರಲ್ಲ, ಅವರ್ಯಾರು?"

ಪ್ರೂಫಕ್ಕ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ನಿಜ. ಮಾತಿನ ಕೆಳಗೆ ಒಂದು ಗರ್ರ್ ಎನ್ನುವ ಸದ್ದು. ಅವಳು ಉಸಿರು ತೆಗೆದುಕೊಳ್ಳಲು ನಿಂತಲ್ಲೆಲ್ಲ ಅದು ಎದ್ದು ಕೇಳುತ್ತಿತ್ತು. ಎರಡು ದಿನ ಗಂಡ ಹೆಂಡತಿ ಆ ಸದ್ದಿನ ಬೆನ್ನು ಹತ್ತಿದರು. ಗೋಡೆ ಗಡಿಯಾರ ಇಳಿಸಿದರು. ಫ್ರಿಜ್ ಆರಿಸಿದರು, ಹಾಲು ಕೆಟ್ಟಿತು. ಪಕ್ಕದ ಮನೆಯವರಿಗೆ ನೀರಿನ ಪಂಪು ನಿಲ್ಲಿಸಿ ಎಂದು ಹೇಳಿ ಬಂದರು. ಸದ್ದು ಜಪ್ಪಯ್ಯ ಎನ್ನಲಿಲ್ಲ.

ಮೂರನೆಯ ದಿನ ಬಡಗಿ ತನ್ನ ಮೇಜಿನ ಮೇಲೆ ಅಂಗೈಯಿಟ್ಟ. ಕೀಲು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನೋಡುವಾಗ ಇಡುವಂತೆಯೇ. ಆಮೇಲೆ ಬಗ್ಗಿ ಹಲಗೆಗೆ ಕಿವಿ ಕೊಟ್ಟ. ತುಂಬಾ ಹೊತ್ತು ಹಾಗೇ ಇದ್ದ. ಎದ್ದಾಗ ಮುಖ ಪೆಚ್ಚಾಗಿತ್ತು.

"ಡಿಸ್ಕ್ ತಿರುಗೋದು ಕಣೇ. ಹಳೇದು ಇನ್ನೂ ಜಾಸ್ತಿ ಗಲಾಟೆ ಮಾಡ್ತಿತ್ತು, ಆದ್ರೆ ಅದು ಗೋಡೆ ಆಚೆ ನೆಲದ ಮೇಲಿತ್ತು. ಇದನ್ನ ನಾನೇ ತಂದು ಮರದೊಳಗೆ ಕೂರಿಸಿದೀನಿ. ಅದರ ನಡುಕ ಹಲಗೆ ಹಿಡ್ಕೊಂಡು ನೇರ ಮೈಕಿಗೆ ಹೋಗ್ತಿದೆ. ಎಷ್ಟು ಬಿಗಿಯಾಗಿ ಮಾಡಿದೀನೋ ಅಷ್ಟು ಚೆನ್ನಾಗಿ ಹೋಗ್ತಿದೆ."

ಹೇಳಿ ಸುಮ್ಮನಾಗದೆ ಗರಗಸ ತಂದ. ಮೇಜನ್ನು ಅಲಮಾರಿಯಿಂದ ಕೊಯ್ದು ಬೇರೆ ಮಾಡಿಬಿಡುತ್ತೇನೆ ಎಂದ. ಪ್ರೂಫಕ್ಕ ಗರಗಸದ ಹಿಡಿಯನ್ನು ಹಿಡಿದುಕೊಂಡಳು.

"ಮೇಜು ಕೊಯ್ಯೋದು ಬೇಡ ರೀ. ನನಗೆ ಈ ಮೇಜು ಇಷ್ಟ. ಸದ್ದು ಮಾಡೋದನ್ನ ಹೊರಗೆ ಕಳಿಸೋಣ, ಅಷ್ಟೇ."

ಮರುದಿನ ಮತ್ತೆ ಅಂಗಡಿ. ಈ ಸಲವೂ ಮೂವರು. ಹೊರಗಿನ ಡಿಸ್ಕ್ ಕೊಡಿ ಎಂದು ಕೇಳಿದವನು ಬಡಗಿಯೇ. ಆಪರೇಟರ್ ತುಟಿ ಬಿಗಿದುಕೊಂಡು ಕೂತಿದ್ದಳು, ಅವಳ ಮಟ್ಟಿಗೆ ಅದು ದೊಡ್ಡ ಸಾಹಸ.

"ಹೊಸದು ಯಾಕೆ ಸರ್?" ಎಂದ ಅಂಗಡಿಯವನು. "ಒಳಗಿರೋದನ್ನೇ ಹೊರಗೆ ತೆಗೆದು ಒಂದು ಡಬ್ಬಿಗೆ ಹಾಕ್ತೀನಿ. ಅದಕ್ಕೆ ಒಂದು ಕರೆಂಟಿನ ವೈರು, ಕಂಪ್ಯೂಟರಿಗೆ ಒಂದು ವೈರು. ಓದೋವಾಗ ಒಳಗಿನ ಎಸ್‌ಎಸ್‌ಡೀಲೇ ಉಳಿಸ್ಕೊಳ್ಳಿ. ಅದರಲ್ಲಿ ತಿರುಗೋದೇನೂ ಇಲ್ಲ, ಸದ್ದೇ ಇಲ್ಲ. ಪುಸ್ತಕ ಮುಗಿದ ಮೇಲೆ ದೊಡ್ಡದನ್ನ ಚುಚ್ಚಿ, ಅದಕ್ಕೆ ಹಾಕಿ, ಕಿತ್ತು ಎತ್ತಿಡಿ."

ನಾಲ್ಕು ಸ್ಕ್ರೂ ಬಿಚ್ಚಿ, ನಾಲ್ಕು ಸ್ಕ್ರೂ ಹಾಕಿದ. ಹತ್ತು ನಿಮಿಷವೂ ಹಿಡಿಯಲಿಲ್ಲ. ಇಟ್ಟಿಗೆಯಂಥ ಆ ಡಿಸ್ಕೇ ಈಗ ಕಪ್ಪು ಡಬ್ಬಿ ತೊಟ್ಟು ಹೊರಗಿನದಾಗಿತ್ತು. "ಹಳೇ ಡಿಸ್ಕನ್ನ ಬಿಸಾಡ್ಬೇಡಿ," ಎಂದೂ ಸೇರಿಸಿದ. "ಅದಕ್ಕೂ ಒಂದು ಡಬ್ಬಿ ಹಾಕಿಕೊಡ್ತೀನಿ. ಅದರಲ್ಲಿರೋ ಪುಸ್ತಕಗಳು ಹಾಗೇ ಇರ್ಲಿ, ಬೇರೆ ಮನೇಲಿಡಿ. ಒಂದು ಕೆಟ್ಟರೆ ಇನ್ನೊಂದಿರುತ್ತೆ."

ಬೇರೆ ಮನೆ ಎಂದರೆ ಯಾರದು ಎಂದು ಯಾರೂ ಕೇಳಲಿಲ್ಲ. ಬಡಗಿಯೇ ಹಳೆಯ ಡಿಸ್ಕನ್ನು ಆಪರೇಟರಿನ ಕೈಗಿಟ್ಟ.

"ಭಾವ, ವಾಪಸ್ ಯಾವಾಗ ಬರುತ್ತೆ ಅಂತ ಕೇಳ್ಲಿಲ್ಲ ನೀವು."

"ಕೇಳಿದ್ರೆ ನೀನು ಡ್ರಿಲ್ ಯಂತ್ರದ ಮಾತೆತ್ತುತೀಯ," ಎಂದ ಬಡಗಿ. ಪ್ರೂಫಕ್ಕ ಬಸ್ಸು ಬರುವವರೆಗೂ ನಗುತ್ತಿದ್ದಳು.

ಕೊನೆಯ ಎರಡು ಅಧ್ಯಾಯಗಳನ್ನು ಪ್ರೂಫಕ್ಕ ಮತ್ತೆ ಓದಿದಳು. ಈ ಸಲ ಅಲ್ಪವಿರಾಮಗಳಲ್ಲಿ ನಿಶ್ಶಬ್ದವಿತ್ತು. ಕೊಲೆಗಾರ ಯಾರೆಂದು ಗೊತ್ತಿದ್ದೂ ಮೂವತ್ತು ಜನ ಇನ್ನೊಮ್ಮೆ ಕೇಳಿದರು. ಹಿಟ್ಟು ಬೀಸುವ ಸದ್ದಿದ್ದಾಗಲೇ ಭಯ ಜಾಸ್ತಿ ಆಗುತ್ತಿತ್ತು ಎಂದು ಒಬ್ಬರು ತಕರಾರು ತೆಗೆದರಂತೆ.

ತಿಂಗಳು ಕಳೆದ ಮೇಲೆ ಆಪರೇಟರ್ ಒಂದು ಮರಗೆಲಸದ ಪುಸ್ತಕ ತಂದುಕೊಟ್ಟಳು. ಗುಂಪಿನಲ್ಲಿ ನಡುವಯಸ್ಸಿನಲ್ಲಿ ಕಣ್ಣು ಕಳೆದುಕೊಂಡ ಒಬ್ಬ ಮೆಕ್ಯಾನಿಕ್ ಇದ್ದ. ಕೈ ಸುಮ್ಮನಿರುವುದಿಲ್ಲ, ಸ್ಟೂಲು ಮಾಡಲು ಕಲಿಯಬೇಕು ಎಂದು ಅವನ ಆಸೆ. ಪ್ರೂಫಕ್ಕ ಅಲಮಾರಿ ಹೊಕ್ಕು ಓದತೊಡಗಿದಳು. ಉಳಿಗೆ ಸಾಣೆ ಹಿಡಿಯುವ ಪುಟಕ್ಕೆ ಬಂದಾಗ ಬಾಗಿಲಿನ ಮೇಲೆ ಟಕ್ ಟಕ್ ಎಂದಿತು.

"ಅದು ಹಾಗಲ್ಲ," ಎಂದ ಬಡಗಿ ಹೊರಗಿನಿಂದ.

"ಪುಸ್ತಕದಲ್ಲಿ ಹಾಗೇ ಇದೆ ರೀ."

"ಪುಸ್ತಕ ಬರೆದವನು ಉಳಿ ಹಿಡಿದಿಲ್ಲ."

ಇನ್ನೆರಡು ಪುಟ ಓದುವಷ್ಟರಲ್ಲಿ ಬಡಗಿ ಮತ್ತೆರಡು ಸಲ ಬಾಗಿಲು ಬಡಿದ. ಪ್ರೂಫಕ್ಕ ಪುಸ್ತಕ ಮುಚ್ಚಿ ಹೊರಬಂದಳು. "ನೀವೇ ಕೂತು ಹೇಳಿ," ಎಂದಳು. ಬಡಗಿ ಬೇಡ ಬೇಡ ಎನ್ನುತ್ತಲೇ ಒಳಗೆ ಹೋಗಿ, ಮೊಣಕಾಲು ಎದೆಗೆ ಸೇರಿಸಿಕೊಂಡು ಸ್ಟೂಲಿನ ಮೇಲೆ ಕೂತ. ಮೊದಲ ಮಾತನ್ನೇ ಛಾವಣಿಯ ಮೇಲಿದ್ದವನನ್ನು ಕೂಗುವ ಹಾಗೆ ಕೂಗಿದ. ಪರದೆಯ ಮೇಲೆ ಸದ್ದಿನ ಮಟ್ಟ ತೋರಿಸುವ ಗೆರೆ ಕೆಂಪಿಗೆ ಜಿಗಿಯಿತು. ಪಕ್ಕದಲ್ಲಿ ಕೂತವನಿಗೆ ಹೇಳೋ ಹಾಗೆ ಹೇಳಿ ಎಂದು ಅವಳು ಎರಡು ಸಲ ತಿದ್ದಿದಳು. ಆಮೇಲೆ ಅವನಿಗೆ ಲಯ ಸಿಕ್ಕಿತು. ಪುಸ್ತಕವನ್ನು ತೊಡೆಯ ಕೆಳಗಿಟ್ಟು, ಸಾಣೆಕಲ್ಲಿಗೆ ನೀರೆಷ್ಟು, ಅಲಗು ಬೆರಳಿಗೆ ಹೇಗೆ ತಿಳಿಯುತ್ತದೆ, ಮರದ ಎಳೆ ಯಾವ ಕಡೆ ಓಡುತ್ತಿದೆ ಎಂದು ಮುಟ್ಟಿ ಹೇಳುವುದು ಹೇಗೆ, ಎಲ್ಲವನ್ನೂ ತನ್ನ ಮಾತಿನಲ್ಲೇ ಹೇಳುತ್ತ ಹೋದ. ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡುವ ಮನುಷ್ಯ ಒಂದು ಗಂಟೆ ಬಿಡುವಿಲ್ಲದೆ ಮಾತಾಡಿದ.

ಪ್ರೂಫಕ್ಕ ಹೊರಗೆ ಕುರ್ಚಿಯ ಮೇಲೆ ಕೂತು ಕೇಳುತ್ತಿದ್ದಳು. ಕೊನೆಗೆ ಚಹಾ ಇಡೋಣವೆಂದು ಮೆಲ್ಲಗೆ ಎದ್ದಳು. ಕುರ್ಚಿ ಕಿರ್ ಎಂದಿತು. ಅಲಮಾರಿಯ ಬಾಗಿಲು ನಾಲ್ಕು ಬೆರಳಷ್ಟು ತೆರೆದು, ಬೆವರಿಳಿಯುವ ಮುಖವೊಂದು ಹೊರಗೆ ಇಣುಕಿತು.

"ಯಾರದು ಸದ್ದು ಮಾಡ್ತಿರೋದು? ಇಲ್ಲಿ ರೆಕಾರ್ಡ್ ಆಗ್ತಿದೆ," ಎಂದ ಬಡಗಿ, ಬಾಗಿಲು ಹಾಕಿಕೊಂಡ.